ಗಾಳಿಯಿಲ್ಲದ ದಿನದ ಲೆಕ್ಕ

ಹಳೆಯ ಮೋಟಾರು ಜೂನ್ ಮೂರರಂದು ಕೊನೆಯ ಸಲ ಕೆಮ್ಮಿತು.
ಹಗ್ಗ ಎಳೆದೆ, ಎಳೆದೆ, ಭುಜ ಕಳಚಿ ಬರುವ ತನಕ ಎಳೆದೆ;
ಸರೋವರದ ಮೇಲೆ ಬಣ್ಣಬಣ್ಣದ ಎಣ್ಣೆಯ ಕಲೆ ಬಿಟ್ಟು
ಅದು ಸುಮ್ಮನಾಯಿತು.
ಹಿಲ್ಕಾ ಹುಟ್ಟು ಕೈಗೆತ್ತಿಕೊಂಡಳು. ಏನೂ ಅನ್ನಲಿಲ್ಲ.
ಏನೂ ಅನ್ನದಿರುವುದರಲ್ಲಿ
ಅವಳದು ಮೂವತ್ತೊಂದು ವರ್ಷ ಪಳಗಿದ ಕೈ.

ಶನಿವಾರ, ಮಿಕ್ಕೆಲಿಯ ಅಂಗಡಿ.
ಕಬ್ಬಿಣದ ಚೌಕಟ್ಟಿಗೆ ತಲೆಕೊಟ್ಟು ನಿಂತ ಎರಡು ಮೋಟಾರು.
ಕರಿಯದು ಅಗ್ಗ. ಐದು ವೇಗ ಮುಂದಕ್ಕೆ, ಮೂರು ಹಿಂದಕ್ಕೆ.
ಬ್ಯಾಟರಿ ಬೇರೆ ಕೊಳ್ಳಬೇಕು, ಇಪ್ಪತ್ನಾಲ್ಕು ಕಿಲೋ ಸೀಸ;
ನಮ್ಮ ಶೆಡ್ಡಿನಿಂದ ನೀರಿಗೆ ಎಪ್ಪತ್ತು ಹೆಜ್ಜೆ,
ನಡುವೆ ಹನ್ನೊಂದು ಮೆಟ್ಟಿಲು.
ಬಿಳಿಯದು ನೆತ್ತಿಯಲ್ಲೇ ಬ್ಯಾಟರಿ ಹೊತ್ತದ್ದು,
ಅಂಗೈಯಷ್ಟು ಪರದೆಯಲ್ಲಿ
ಇನ್ನೆಷ್ಟು ದೂರ ಹೋಗಬಲ್ಲೆ ಅಂತ ಎಣಿಸಿ ಹೇಳುವಂಥದ್ದು.
ನನ್ನ ಡಾಕ್ಟರೂ ಹೇಳಲೊಲ್ಲದ ಮಾತು ಅದು.

ಅಂಗಡಿಯ ಹುಡುಗ ಯಾಲ್ಮರಿ ಕ್ಯಾಟಲಾಗು ಬಿಡಿಸಿದ.
ನಿಧಾನ ಹೋದರೆ ಆರು ಗಂಟೆ, ಜೋರು ಹೋದರೆ ಒಂದೂಕಾಲು.
ಕೆಳಗೆ ಇರುವೆಸಾಲಿನಂಥ ಅಕ್ಷರದಲ್ಲಿ:
ಗಾಳಿಯಿಲ್ಲದಾಗ, ಅಲೆಯಿಲ್ಲದಾಗ, ಒಬ್ಬರೇ ಕೂತಾಗ.
ಗಾಳಿಯಿಲ್ಲದ ಸರೋವರ ಯಾವ ದೇಶದಲ್ಲಿದೆಯಪ್ಪಾ, ಅಂದೆ.
ಪಡುವಣ ಗಾಳಿ ಎದ್ದರೆ? ಇಬ್ಬರು ಕೂತರೆ?
ಹುಡುಗ ಅಡ್ಡಗೋಡೆಯ ಮೇಲೆ ದೀಪವಿಟ್ಟ:
'ಅದು ದೋಣಿಯ ಮೇಲಿದೆ.'

ದೋಣಿಯ ಹಿಂಬದಿ ಹಲಗೆ ಎಷ್ಟೆತ್ತರ, ಅಂತ ಕೇಳಿದ.
ನಾನು ಜೇಬಿನಲ್ಲಿ ಗಂಟು ಹಾಕಿ ತಂದ ದಾರ ತಡಕುತ್ತಿದ್ದೆ.
'ನಲವತ್ತೊಂದು ಸೆಂಟಿಮೀಟರು,' ಅಂದಳು ಹಿಲ್ಕಾ.

ನಮ್ಮ ಷಡ್ಡಕ ತಾರ್ಮೋ ಮೊದಲೇ ಮೂಗು ಮುರಿದಿದ್ದ:
ಕರೆಂಟಿನ ಮೋಟಾರೇ?
ಹಲ್ಲುಜ್ಜುವ ಯಂತ್ರಕ್ಕೆ ದೋಣಿ ಕಟ್ಟಿದ ಹಾಗೆ!

ನೀಲಿ ಬಾನಿಯ ನೀರಲ್ಲಿ ಎರಡನ್ನೂ ತಿರುಗಿಸಿ ತೋರಿಸಿದ.
ಕರಿಯದು ಸೀಸೆಯೊಳಗಿನ ನೊಣದಂತೆ ಗುಂಯ್ಗುಟ್ಟಿತು.
ಬಿಳಿಯದು ತಿರುಗುತ್ತಿದೆಯೆಂದು ಗೊತ್ತಾಗಿದ್ದು
ಬಾನಿಯ ನೀರು ನನ್ನ ಬೂಟಿನ ಮೇಲೆ ಚೆಲ್ಲಿದಾಗ.

ಹೇಳಿಬಿಡುತ್ತೇನೆ: ನನಗೆ ಸದ್ದು ಬೇಕಿತ್ತು.
ಹಳೆಯ ಮೋಟಾರಿನ ಗದ್ದಲದಲ್ಲಿ ನಾನು ಮನೆ ಮಾಡಿಕೊಂಡಿದ್ದೆ.
'ಏನಂದೆ?' 'ಏನಿಲ್ಲ!'
ಬಲೆ ಬಿಡುವಾಗೊಮ್ಮೆ, ಎತ್ತುವಾಗೊಮ್ಮೆ, ಅಷ್ಟೇ ಸಂಸಾರ.
ಊರು ಬಿಟ್ಟು ಬರಲಾರೆ ಅಂತ ನಾನು ಹಟ ಹಿಡಿದು
ಊಲುವಿನ ಕೆಲಸ ಒಲ್ಲೆನೆಂದು ಅವಳು ಕಾಗದ ಬರೆದ ಬೇಸಿಗೆ,
ಆ ಬೇಸಿಗೆ ಪೂರ್ತಿ
ನಾಲ್ಕೂ ಕುದುರೆಗಳನ್ನು ಬಾರುಕೋಲಿಲ್ಲದೆ ಓಡಿಸಿದೆ.
ಎಷ್ಟು ಪೆಟ್ರೋಲು ಸುಟ್ಟೆನೋ.

ಅದಕ್ಕೇ ಕರಿಯದರತ್ತ ಬೆರಳು ಮಾಡಿದೆ. ಅಗ್ಗ ನೋಡು, ಅಂದೆ.
ನೊಣದಷ್ಟು ಸದ್ದಿನ ಹಿಂದೆಯೂ
ಒಬ್ಬ ಮನುಷ್ಯ ಮಗ್ಗುಲಾಗಿ ನಿಂತರೆ ಹಿಡಿಸುತ್ತಾನೆ.
ಅವಳು ನನ್ನ ಭುಜ ನೋಡಿದಳು.
'ಇಪ್ಪತ್ನಾಲ್ಕು ಕಿಲೋ. ಹನ್ನೊಂದು ಮೆಟ್ಟಿಲು.'
ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ,
ಆ ಬಂಗಾರದ ಬೆಲೆ ಚೀಟಿಯಲ್ಲೇ ಇತ್ತು:
ಸಾವಿರದ ಒಂಬೈನೂರು ಯೂರೋ.
ಕೊಟ್ಟೆವು.

ಬೆಳಗಿನ ನಾಲ್ಕೂವರೆ. ಬಲೆಗೆ ಇನ್ನೂ ಎರಡು ಕಿಲೋಮೀಟರು.
ದೋಣಿಯಡಿ ನೀರು ಬಟ್ಟೆ ಹರಿದಂತೆ ಹರಿಯುವುದು ಕೇಳಿತು.
ಅವಳು ಜಾಕೀಟಿನ ಜಿಪ್ಪು ಎಳೆದದ್ದು ಕೇಳಿತು.
ನನ್ನ ಮೂಗಿನ ಉಸಿರು, ಥೂ, ಇಷ್ಟು ಜೋರೇ?
ಪರದೆಯಲ್ಲಿ ಎಂಬತ್ತೊಂದು.
ಏನಾದರೂ ಅನ್ನಬೇಕಲ್ಲ. 'ಎಡಗಡೆ ಬಲೆಯ ಬೆಂಡು ಬದಲಿಸಬೇಕು!'
ಅಭ್ಯಾಸಬಲ, ಕೂಗಿಯೇ ಹೇಳಿದೆ.
ಆಚೆ ದಡದ ಪೈನ್ ಮರಗಳೆಲ್ಲ ಬೆಂಡು, ಬೆಂಡು ಅಂದವು.
ಒಂದು ಹಕ್ಕಿ ಮುಳುಗಿತು.
'ಕೇಳಿಸ್ತು,' ಅಂದಳು.

ಹಕ್ಕಿ ಎಲ್ಲೋ ದೂರ ಎದ್ದ ಮೇಲೆ, ಮೆಲ್ಲಗೆ:
'ಊಲುವಿನಲ್ಲಿ ಸಮುದ್ರ ಇದೆ, ಅಲ್ವಾ?'
'ಇದೆ. ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತೆ.'
ತುಸು ತಡೆದು, 'ನಾನು ಬಾಡಿಗೆ ಮನೇನೂ ನೋಡಿಟ್ಟಿದ್ದೆ.'

ಪಡುವಣ ಗಾಳಿ ಎದ್ದಿತ್ತು. ಅಂಕಿ ಇಳಿಯತೊಡಗಿತು,
ಅರವತ್ತಾರು, ಅರವತ್ತು.
ಹಿಡಿಕೆ ಒಂದು ಹಂತ ಹಿಂದಕ್ಕೆ ತಿರುಗಿಸಿದೆ.
ಪರದೆಯ ಮೇಲೆ
ಹೋಗಬಹುದಾದ ದೂರ
ಸ್ವಲ್ಪ ಬೆಳೆಯಿತು.
'ಎಂಥ ಮನೆ?' ಅಂದೆ.